ಗಡಿಯಲ್ಲಿ ಒಮ್ಮೆ ನಿಂತರೆ ಸಾಕು

ಜಾಂಬಿಯಾ ಮತ್ತು ಜಿಂಬಾಬ್ವೆಗಳ ನಡುವೆ ಜಾಂಬೆಜಿ ನದಿಯ ದಡದಲ್ಲಿರುವ ಚಿರುಂಡುವಿನಲ್ಲಿ, ಆಫ್ರಿಕಾದ ಮೊದಲ ಜಂಟಿ ಗಡಿ ಠಾಣೆ 2009ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಅದಕ್ಕೂ ಮೊದಲು, ದಕ್ಷಿಣ ಆಫ್ರಿಕಾದಿಂದ ಸರಕು ಹೇರಿಕೊಂಡು ಉತ್ತರಕ್ಕೆ ಹೊರಟ ಲಾರಿಯ ಚಾಲಕ ಜಿಂಬಾಬ್ವೆಯ ದಡದಲ್ಲಿ ಒಮ್ಮೆ, ಸೇತುವೆ ದಾಟಿದ ಮೇಲೆ ಜಾಂಬಿಯಾದಲ್ಲಿ ಮತ್ತೊಮ್ಮೆ ಅವೇ ಕಾಗದಪತ್ರಗಳನ್ನು ಹಿಡಿದು ಸಾಲಿನಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಆತ ನೇರವಾಗಿ ಸೇತುವೆ ದಾಟುತ್ತಾನೆ. ಜಾಂಬಿಯಾದ ಆವರಣದಲ್ಲೇ ಎರಡೂ ದೇಶಗಳ ಅಧಿಕಾರಿಗಳು ಅವನ ನಿರ್ಗಮನ, ಪ್ರವೇಶಗಳೆರಡನ್ನೂ ಮುಗಿಸಿಕೊಡುತ್ತಾರೆ. ದಕ್ಷಿಣಕ್ಕೆ ಹೋಗುವವರಿಗೆ ಈ ಕೆಲಸ ಜಿಂಬಾಬ್ವೆಯ ಕಡೆ ಆಗುತ್ತದೆ.

ಇದರಲ್ಲಿ ಕಟ್ಟಡಕ್ಕಿಂತ ಕಾನೂನಿನ ಪಾತ್ರ ದೊಡ್ಡದು. ಜಿಂಬಾಬ್ವೆಯ ಕಸ್ಟಮ್ಸ್ ಅಧಿಕಾರಿ ಜಾಂಬಿಯಾದ ನೆಲದಲ್ಲಿ ಕುಳಿತು ತನ್ನ ದೇಶದ ಕಾಯ್ದೆಯನ್ನು ಜಾರಿ ಮಾಡಬೇಕಾದರೆ, ಆ ಅಧಿಕಾರವನ್ನು ಎರಡೂ ಸಂಸತ್ತುಗಳು ಕೊಡಬೇಕು. ಜಿಂಬಾಬ್ವೆ 2007ರಲ್ಲಿ, ಜಾಂಬಿಯಾ 2009ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದವು. ಇದರಿಂದ ಸಾರ್ವಭೌಮತ್ವಕ್ಕೆ ಧಕ್ಕೆಯಾಗುತ್ತದೆ ಎಂಬ ಆತಂಕವನ್ನು ನಾನು ಒಪ್ಪುವುದಿಲ್ಲ. ತೆರಿಗೆ ವಿಧಿಸುವ, ಸರಕನ್ನು ತಡೆಯುವ ಹಕ್ಕು ಆಯಾ ದೇಶದ ಕೈಯಲ್ಲೇ ಉಳಿದಿದೆ, ಬದಲಾದದ್ದು ಅದನ್ನು ಚಲಾಯಿಸುವ ಜಾಗ ಮಾತ್ರ.

ಲಾರಿಗಳಷ್ಟೇ ಗಡಿ ದಾಟುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕೀನ್ಯಾ ಮತ್ತು ಉಗಾಂಡ ನಡುವಿನ ಬುಸಿಯಾದಲ್ಲಿ ಇಂಥದೇ ಠಾಣೆ 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಮೀನು, ಜೋಳ, ತರಕಾರಿಗಳನ್ನು ತಲೆಯ ಮೇಲೋ ಸೈಕಲ್ಲಿನ ಮೇಲೋ ಸಾಗಿಸುವ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಹೆಂಗಸರು. ಕೀನ್ಯಾ, ಉಗಾಂಡಗಳೂ ಸೇರಿರುವ ದೇಶಗಳ ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ನಿಯಮದಂತೆ, ಆ ದೇಶಗಳಲ್ಲೇ ಬೆಳೆದ ಅಥವಾ ತಯಾರಾದ 2,000 ಡಾಲರ್‌ವರೆಗಿನ ಸರಕಿಗೆ ಅದು ಎಲ್ಲಿಯದೆಂದು ತೋರಿಸುವ ಸರಳವಾದ ಮೂಲ ಪ್ರಮಾಣಪತ್ರವೊಂದನ್ನು ಪಡೆದರೆ ಆಮದು ಸುಂಕ ಕಟ್ಟಬೇಕಾಗಿಲ್ಲ. ಈ ಸೌಲಭ್ಯ ತಿಳಿಯದವಳು ಕಳ್ಳದಾರಿ ಹಿಡಿಯುತ್ತಾಳೆ, ಅಲ್ಲಿ ಲಂಚ ಕೊಡುತ್ತಾಳೆ, ಕೆಲವೊಮ್ಮೆ ಸರಕನ್ನೇ ಕಳೆದುಕೊಳ್ಳುತ್ತಾಳೆ. ಆದ್ದರಿಂದ ಅವಳ ಭಾಷೆಯಲ್ಲಿ ವಿವರಿಸಿ ಹೇಳುವ ಸಿಬ್ಬಂದಿ, ಲಾರಿ ತಪಾಸಣೆಯ ಯಂತ್ರದಷ್ಟೇ ಅಗತ್ಯ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿ, ಬಾಂಗ್ಲಾದೇಶದ ಗಡಿಗೆ ಹೊಂದಿಕೊಂಡಿರುವ ಪಶ್ಚಿಮ ಬಂಗಾಳದ ಪೆಟ್ರಾಪೋಲ್‌ನ ಸಮಗ್ರ ತಪಾಸಣಾ ಠಾಣೆ 2016ರಲ್ಲಿ ಆರಂಭವಾದದ್ದು ಒಳ್ಳೆಯ ಹೆಜ್ಜೆಯೇ. ಆದರೆ ಅದು ಭಾರತದ ಇಲಾಖೆಗಳನ್ನಷ್ಟೇ ಒಂದೆಡೆ ತಂದಿತು. ಗಡಿಯಾಚೆಯ ಬೆನಾಪೋಲ್‌ನಲ್ಲಿ ಬಾಂಗ್ಲಾದೇಶದ ತಪಾಸಣೆ ಬೇರೆಯೇ ನಡೆಯುತ್ತದೆ, ಭಾರತದ ಲಾರಿಯ ಸರಕನ್ನು ಅಲ್ಲಿ ಇಳಿಸಿ ಇನ್ನೊಂದು ಲಾರಿಗೆ ಹೇರಲಾಗುತ್ತದೆ. ಎರಡು ದೇಶಗಳ ಸಂಬಂಧ ಹದಗೆಟ್ಟಾಗ ಇಂಥ ಮಾತು ಕೈಗೂಡುವುದು ಕಷ್ಟವೆಂದು ಬಲ್ಲೆ. ಹಾಗಿದ್ದರೂ, ಬೇಗ ಕೊಳೆಯುವ ತರಕಾರಿ, ಹಣ್ಣು, ಮೀನುಗಳಿಗಾದರೂ ಮೊದಲು ಜಂಟಿ ತಪಾಸಣೆಯನ್ನು ಜಾರಿಗೆ ತರಬೇಕೆಂದು ಎರಡೂ ಸರ್ಕಾರಗಳನ್ನು ನಾವು ಕೇಳಬೇಕು.