ಮೂರು ನೀಲಿ, ಒಂದು ಕೆಂಪು

ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಲ್ಲಿ ನಾವು 2012ರಿಂದ ಇದ್ದೇವೆ. ಎರಡು ವರ್ಷದಿಂದ ಊಟದ ಹೊತ್ತಿಗೆ ಒಂದೇ ಜಗಳ. ಭಾರತದ ಪಾಸ್‌ಪೋರ್ಟ್ ಬಿಟ್ಟು ಜರ್ಮನಿಯ ಪೌರತ್ವ ತೆಗೆದುಕೊಳ್ಳಬೇಕೇ, ಬೇಡವೇ? ಮಾತಿಗೆ ಕೂತರೆ ದನಿ ಏರುತ್ತದೆ. ಅದಕ್ಕೇ ಇಬ್ಬರೂ ಬರೆದುಬಿಡೋಣ ಅಂತ ಆಯಿತು. ಮೊದಲು ಹೆಂಡತಿ, ಆಮೇಲೆ ಗಂಡ.

ಪರ: ಊರಿಗೆ ಹೋಗಲಿಕ್ಕೇ ಈ ಪಾಸ್‌ಪೋರ್ಟ್ ಬೇಕು

ನಮ್ಮ ಬೀರುವಿನಲ್ಲಿ ನಾಲ್ಕು ಪಾಸ್‌ಪೋರ್ಟ್ ಇವೆ. ಮೂರು ನೀಲಿ, ಒಂದು ಕಡುಗೆಂಪು. ಕೆಂಪು ನಾಲ್ಕು ವರ್ಷದ ಮಗನದು. ಅವನು ಹುಟ್ಟುವಾಗ ನಾವಿಲ್ಲಿಗೆ ಬಂದು ಎಂಟು ವರ್ಷ ದಾಟಿತ್ತು, ಕಾಯಂ ವಾಸದ ಪರವಾನಗಿಯೂ ಕೈಗೆ ಬಂದಿತ್ತು. ಆಗಿನ ಕಾನೂನಿಗೆ ಅಷ್ಟು ಸಾಕು. ಮಗು ಹುಟ್ಟಿನಿಂದಲೇ ಜರ್ಮನ್. ಅವನ ಅಕ್ಕ ಹುಟ್ಟಿದ್ದು 2016ರಲ್ಲಿ, ನಾವು ಬಂದ ನಾಲ್ಕೇ ವರ್ಷಕ್ಕೆ. ಹಾಗಾಗಿ ಅವಳು ಭಾರತೀಯಳು. ಅದೇ ಆಸ್ಪತ್ರೆ, ಅದೇ ಹೆರಿಗೆ ವಾರ್ಡು, ಮಕ್ಕಳು ಮಾತ್ರ ಬೇರೆ ಬೇರೆ ದೇಶದವರು. ರಜೆ ಮುಗಿಸಿ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಅವಳು ಪ್ರತಿ ಸಲ ಕೇಳುತ್ತಾಳೆ: "ಪುಟ್ಟ ಆ ಚಿಕ್ಕ ಸಾಲಲ್ಲಿ ಹೋಗಬಹುದಲ್ವಾ, ನಾನ್ಯಾಕೆ ಹೋಗಬಾರದು?" ಪುಟ್ಟನನ್ನು ಒಬ್ಬನೇ ಬಿಡಲಾಗದು ಅಂತ ಎಲ್ಲರೂ ಉದ್ದ ಸಾಲಲ್ಲೇ ನಿಲ್ಲುತ್ತೇವೆ.

2024ರ ಜೂನ್ 27ಕ್ಕೆ ಇಲ್ಲಿನ ಕಾನೂನು ಬದಲಾಯಿತು. ಎಂಟು ವರ್ಷ ಕಾಯುವುದು ಹೋಗಿ ಐದಾಯಿತು. ಹಳೆಯ ಪೌರತ್ವ ಬಿಡಬೇಕು ಎಂಬ ಷರತ್ತೂ ಹೋಯಿತು. ನಮ್ಮ ಟರ್ಕಿಯ ಪಕ್ಕದ ಮನೆಯವರು ಅವತ್ತು ಎಲ್ಲರಿಗೂ ಬಕ್ಲಾವಾ ಹಂಚಿದರು, ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಲ್ಲ ಅಂತ. ನಾವು ಸುಮ್ನೆ ತಿಂದು ಬಂದೆವು. ಜರ್ಮನಿ ಇಟ್ಟುಕೋ ಅಂದರೂ ಭಾರತ ಬಿಡುವುದಿಲ್ಲ. 1955ರ ನಮ್ಮ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣವೇ ಭಾರತದ್ದು ತಾನಾಗಿ ಹೋಗುತ್ತದೆ.

ಉಳಿದದ್ದೇನೂ ಕಷ್ಟವಲ್ಲ. ದೊಡ್ಡವರಿಗೆ ಶುಲ್ಕ 255 ಯೂರೊ, ಜೊತೆಗೆ ಸೇರುವ ಮಗುವಿಗೆ 51. ಬಿ1 ಮಟ್ಟದ, ಅಂದರೆ ದಿನನಿತ್ಯದ ಮಾತುಕತೆ ನಡೆಸುವಷ್ಟು ಜರ್ಮನ್ ಬರಬೇಕು. ಒಂದು ಪರೀಕ್ಷೆ ಇದೆ: 33 ಪ್ರಶ್ನೆ, 17 ಸರಿಯಾದರೆ ಪಾಸು. 310 ಪ್ರಶ್ನೆಗಳ ಪಟ್ಟಿ ಮೊದಲೇ ಹೊರಗೆ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಬರೆದು ಬಂದವರಿಗೆ ಬಾಯಿಪಾಠ ಮಾಡುವುದು ಹೊಸದೇನಲ್ಲ.

ನನ್ನ ನಿಜವಾದ ವಾದ ಶುರುವಾಗುವುದು ನಮ್ಮತ್ತೆಯಿಂದ. ಹೋದ ವರ್ಷ ಮಳೆಗಾಲದಲ್ಲಿ ಅತ್ತೆ ತೀರ್ಥಹಳ್ಳಿಯ ಮನೆಯ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ಜೊತೆಗೆ ಯಾರಾದರೂ ವರ್ಷವಾದರೂ ಇರಬೇಕಿತ್ತು. ನಾನು ಕೆಲಸಕ್ಕೆ ಸಂಬಳವಿಲ್ಲದ ರಜೆ ಕೇಳಿದೆ, ಕೊಟ್ಟರು. ಆದರೂ ಅಷ್ಟು ದಿನ ಹೋಗಿ ಇರಲು ಆಗಲಿಲ್ಲ. ನಮ್ಮ ಕೈಯಲ್ಲಿರುವುದು ನೀಡರ್‌ಲಾಸುಂಗ್ಸ್‌ಎರ್ಲೌಬ್ನಿಸ್, ಅಂದರೆ ಕಾಯಂ ವಾಸದ ಪರವಾನಗಿ. (ಈ ಪದವನ್ನು ತೊದಲದೆ ಹೇಳಿದವರಿಗೆ ಪರೀಕ್ಷೆಯಿಲ್ಲದೇ ಪೌರತ್ವ ಕೊಟ್ಟುಬಿಡಬೇಕು.) ಹೆಸರಿಗೆ ಕಾಯಂ. ಆದರೆ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಅದು ರದ್ದಾಗುತ್ತದೆ. ಹೆಚ್ಚು ದಿನಕ್ಕೆ ಮೊದಲೇ ಅನುಮತಿ ಕೇಳಬಹುದು. ಕೊಡುವುದು ಬಿಡುವುದು ಅಧಿಕಾರಿಯ ಕೈಲಿದೆ.

ನಾನು ನಾಲ್ಕು ತಿಂಗಳಿದ್ದು ಓಡಿ ಬಂದೆ. ಅತ್ತೆ ಆಗಿನ್ನೂ ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು.

ಇವರಿಗೆ ನಾನು ಹೇಳುವುದು ಇಷ್ಟೇ. ಕೆಂಪು ಪಾಸ್‌ಪೋರ್ಟ್ ತೆಗೆದುಕೊಂಡರೆ ಊರು ಬಿಟ್ಟ ಹಾಗಲ್ಲ. ಅದು ಇದ್ದರೇ ಊರಲ್ಲಿ ಎರಡು ವರ್ಷ, ಐದು ವರ್ಷ ನೆಮ್ಮದಿಯಾಗಿ ಇರಬಹುದು. ಹಾಗೆ ಪೌರತ್ವ ಬಿಟ್ಟವರಿಗೆ ಭಾರತವೇ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದ್ದರೆ ವೀಸಾ ಬೇಡ, ಪೊಲೀಸರಲ್ಲಿ ನೋಂದಣಿ ಬೇಡ, ಎಷ್ಟು ದಿನ ಬೇಕಾದರೂ ಇರಬಹುದು. ಇಲ್ಲಿಗೆ ಮರಳಬೇಕು ಅನಿಸಿದ ದಿನ ಟಿಕೆಟ್ ತೆಗೆದರಾಯಿತು. ಈಗ ನೋಡಿ, ಎರಡೂ ಮನೆ ನಮ್ಮದೇ, ಆದರೆ ಒಂದರಲ್ಲಿ ಕೂತಾಗ ಇನ್ನೊಂದರ ಬೀಗ ಯಾರೋ ಬದಲಾಯಿಸುತ್ತಿದ್ದಾರೇನೋ ಎಂಬ ಭಯ.

2020ರಲ್ಲಿ ಆ ಭಯ ಏನೆಂದು ಚೆನ್ನಾಗಿ ನೋಡಿದ್ದೇನೆ. ಮಾರ್ಚ್ ಮೊದಲ ವಾರ ಇವರು ಹತ್ತು ದಿನಕ್ಕೆಂದು ಊರಿಗೆ ಹೋದರು. ವಿಮಾನ ನಿಂತವು. ಮೂರು ವರ್ಷದ ಮಗಳನ್ನಿಟ್ಟುಕೊಂಡು ನಾನೊಬ್ಬಳೇ ಇಲ್ಲಿ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ ಮೊದಲ ವಾರಕ್ಕೆ ಗುಂಡಗೆ ಸುತ್ತು ಹಾಕಿಟ್ಟಿದ್ದೆ, ಆರು ತಿಂಗಳು ಮುಗಿಯುವ ದಿನ ಅಂತ. ಜೂನ್ ಕೊನೆಗೆ ಹೇಗೋ ಒಂದು ವಿಮಾನ ಸಿಕ್ಕಿ ಬಂದರು. ಆ ಕ್ಯಾಲೆಂಡರ್ ಇನ್ನೂ ಎತ್ತಿಟ್ಟಿದ್ದೇನೆ.

ಮಗಳ ವಿಷಯಕ್ಕೆ ಬರುತ್ತೇನೆ. ಇವರಿಗೆ ಇನ್ನು ಕೆಲವು ವರ್ಷದಲ್ಲಿ ಊರಿಗೆ ಮರಳುವ ಆಸೆ ಇದೆ. ಸರಿ, ಹೋಗೋಣ. ಹದಿನೆಂಟಕ್ಕೆ ಅವಳು ತಾನು ಹುಟ್ಟಿದ ಈ ಊರಿಗೇ ಓದಲು ಬರುತ್ತೇನೆ ಅಂದರೆ? ಭಾರತೀಯ ವಿದ್ಯಾರ್ಥಿಯಾಗಿ ವೀಸಾಕ್ಕೆ ಅರ್ಜಿ ಹಾಕಬೇಕು. ಈಗಿನ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೊ ಬ್ಲಾಕ್ ಮಾಡಿದ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ ತೋರಿಸಬೇಕು. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವೂ ಇದೆ. ತಮ್ಮನಿಗೆ ಇದ್ಯಾವುದೂ ಇಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಈ ಭೇದ ನಾವೇ ಯಾಕೆ ಮಾಡಬೇಕು?

ಇನ್ನು ಓಟು. ಹದಿಮೂರು ವರ್ಷ ತೆರಿಗೆ ಕಟ್ಟಿದ್ದೇನೆ, ನಗರಸಭೆಗೂ ಓಟು ಹಾಕುವ ಹಾಗಿಲ್ಲ. 2025ರ ಫೆಬ್ರವರಿ 23ರಂದು ಸಂಸತ್ತಿನ ಚುನಾವಣೆ ನಡೆದು, ವಲಸಿಗರು ಬೇಡ ಅನ್ನುವ ಎಎಫ್‌ಡಿ ಪಕ್ಷ ಶೇ 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಆ ರಾತ್ರಿ ಟಿವಿ ಮುಂದೆ ಕೂತು ಎಣಿಕೆ ನೋಡಿದೆವು. ಮಾತೆಲ್ಲ ನಮ್ಮಂಥವರ ಬಗ್ಗೆ, ನಾವು ಮಾತ್ರ ಪ್ರೇಕ್ಷಕರು. ಭಾರತದಲ್ಲಾದರೂ ಓಟು ಇದೆಯಲ್ಲ ಅಂತ ಇವರು. ಇದೆ, ಮತಗಟ್ಟೆಗೆ ಖುದ್ದು ಹೋದರೆ. ಹದಿಮೂರು ವರ್ಷದಲ್ಲಿ ಒಂದೇ ಸಲ ಹಾಕಿದ್ದಾರೆ, 2023ರ ಮೇ 10ರಂದು. ಅದೂ ತಂಗಿಯ ಮದುವೆಗೆಂದು ಹೋಗಿದ್ದಕ್ಕೆ.

ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಸರ್‌ನೇಮ್ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾನೆಯಲ್ಲಿ ಅಪ್ಪನ ಹೆಸರು ಬರೆಸಿದ್ದೆ. ಇಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಶ್ರೀಮತಿ ಅಂತ ಸೇರಿಸಿ ನಮ್ಮಪ್ಪನ ಹೆಸರನ್ನೇ ಕೂಗುತ್ತಾರೆ. ಹದಿಮೂರು ವರ್ಷದಿಂದ ಅಪ್ಪನ ಹೆಸರಿಗೆ ಎದ್ದು ನಿಂತಿದ್ದೇನೆ. ಪೌರತ್ವ ಪಡೆದ ಮೇಲೆ ಹೆಸರನ್ನು ಇಲ್ಲಿನ ಕ್ರಮಕ್ಕೆ ಹೊಂದಿಸಿಕೊಳ್ಳಲು ಅವಕಾಶವಿದೆಯಂತೆ. ಅಪ್ಪ ಕೇಳಿ ನಕ್ಕರು. "ನನ್ನ ಹೆಸರು ಅಷ್ಟು ಬೇಜಾರಾಯ್ತೇನೇ?" ಅಂದರು.

ವಿರೋಧ: ಕಾರ್ಡ್ ಬೇರೆ, ಹಕ್ಕು ಬೇರೆ

ಇವಳ ಲೆಕ್ಕದಲ್ಲಿ ತಪ್ಪಿಲ್ಲ. ಎಲ್ಲ ಅಂಕಿ ನಾನೂ ನೋಡಿದ್ದೇನೆ. ನೀಲಿ ಪಾಸ್‌ಪೋರ್ಟ್ ಕಂಡರೆ ಕಣ್ಣು ತುಂಬಿಕೊಳ್ಳುವವನೂ ನಾನಲ್ಲ. ಕಂಪನಿ ಕೆಲಸಕ್ಕೆ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಹೊರಗಿನ ದೇಶವೊಂದಕ್ಕೆ ಹೋಗಬೇಕಿತ್ತು. ಜೊತೆಯವರು ಬೆಳಗ್ಗೆ ಚೀಲ ಹಾಕಿಕೊಂಡು ಹೊರಟರು. ನನ್ನ ವೀಸಾ ಬರುವಷ್ಟರಲ್ಲಿ ಅವರು ಕೆಲಸ ಮುಗಿಸಿ ವಾಪಸ್ ಬಂದಿದ್ದರು. ಆ ಹೊಟ್ಟೆಯುರಿ ನನಗೂ ಗೊತ್ತು.

ಆದರೆ 2020ರ ಕಥೆಯನ್ನು ಇವಳು ಅರ್ಧ ಹೇಳಿದ್ದಾಳೆ. ನಾನು ಊರಲ್ಲಿ ಸಿಕ್ಕಿಹಾಕಿಕೊಂಡಿದ್ದು ನಿಜ. ಆದರೆ ಸಿಕ್ಕಿಹಾಕಿಕೊಂಡಿದ್ದು ನಮ್ಮ ಮನೆಯಲ್ಲಿ, ಅಪ್ಪ ಅಮ್ಮನ ಜೊತೆ. ಅದೇ ಹೊತ್ತಿಗೆ ಇಲ್ಲಿ ನಮಗೆ ಬೇಕಾದವರೊಬ್ಬರು, ಮೈಸೂರಿನವರು, ಓಸಿಐ ಕಾರ್ಡ್ ಇದ್ದವರು. ಮಾರ್ಚ್ 13ರಿಂದ ಓಸಿಐ ಕಾರ್ಡಿನ ವೀಸಾರಹಿತ ಪ್ರವೇಶವನ್ನೇ ಭಾರತ ತಡೆಹಿಡಿಯಿತು. ಮೇ ಮೊದಲ ವಾರ ಅವರ ತಂದೆ ತೀರಿಕೊಂಡರು. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಸರ್ಕಾರದ ವಂದೇ ಭಾರತ್ ವಿಮಾನಗಳು ಶುರುವಾದಾಗ ಅವಕಾಶ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ. ಅವರಿಗೂ ಸೀಟು ಸುಲಭವಾಗಿ ಸಿಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಪಟ್ಟಿಯಲ್ಲಿ ಹೆಸರಾದರೂ ಬರೆಸಬಹುದಿತ್ತು. ಮನೆಯಲ್ಲಿ ಸಾವಾದ ಓಸಿಐನವರು ಬರಬಹುದು ಎಂಬ ಆದೇಶ ಬಂದಿದ್ದು ಮೇ 22ಕ್ಕೆ. ಅಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅವರು ಅದನ್ನು ಫೋನಿನಲ್ಲಿ ನೋಡಿದರು.

ಇದನ್ನೇ ನಾನು ಇವಳಿಗೆ ಹೇಳುವುದು. ಓಸಿಐ ಎಂಬ ಮೂರಕ್ಷರವನ್ನು ಬಿಡಿಸಿದರೆ ಅದರಲ್ಲಿ ಪೌರ ಅಂತಲೇ ಇದೆ. ಆದರೆ ಅದು ಪೌರತ್ವವಲ್ಲ, ದೊಡ್ಡ ವೀಸಾ. 2005ರಲ್ಲಿ ಕೊಟ್ಟರು. ಏನೇನು ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು 2021ರ ಮಾರ್ಚ್ 4ರಂದು ಒಂದು ಅಧಿಸೂಚನೆಯಲ್ಲಿ ತಿದ್ದಿದರು. ಪತ್ರಿಕೆ ಕೆಲಸ, ಸಂಶೋಧನೆ, ಪರ್ವತಾರೋಹಣಕ್ಕೆ ವಿಶೇಷ ಅನುಮತಿ ಬೇಕು. ನೀಟ್ ಬರೆದು ಬರುವ ಮೆಡಿಕಲ್ ಸೀಟಿನಲ್ಲೂ ಎನ್‌ಆರ್‌ಐ ಕೋಟಾ ಅಥವಾ ಹೆಚ್ಚುವರಿ ಸೀಟು ಮಾತ್ರ. ನಾಳೆ ನಮ್ಮ ಪುಟ್ಟ ಅಜ್ಜಿ ಮನೆಯಲ್ಲಿದ್ದು ಮೆಡಿಕಲ್ ಓದುತ್ತೇನೆ ಅಂದರೆ ಅವನೂ ಇದೇ ಸಾಲಿಗೆ. ಕಾರ್ಡನ್ನು ರದ್ದು ಮಾಡಲೂ ಕಾಯ್ದೆಯಲ್ಲಿ ದಾರಿ ಇದೆ. ಇಲ್ಲಿಯ ಪರವಾನಗಿಗೆ ಅಧಿಕಾರಿಯ ಮರ್ಜಿ ಅಂತ ಇವಳಿಗೆ ಸಿಟ್ಟು. ನಾಳೆ ಅದೇ ಮರ್ಜಿಯನ್ನು ನಮ್ಮೂರಿಗೆ ಹೋಗಲು ಕಾಯಬೇಕಾದರೆ?

ಇನ್ನು ತೋಟ. ನಮ್ಮದು ಎರಡು ಎಕರೆ ಅಡಿಕೆ. ಅಪ್ಪನ ನಂತರ ಅದು ವಾರಸುದಾರಿಕೆಯಲ್ಲಿ ನನಗೆ ಬರುತ್ತದೆ, ಕೆಂಪು ಪಾಸ್‌ಪೋರ್ಟ್ ಇದ್ದರೂ ಬರುತ್ತದೆ. ಆದರೆ ಪಕ್ಕದ ದೊಡ್ಡಪ್ಪನ ಮಕ್ಕಳು ತೋಟ ಮಾರಿ ಶಿವಮೊಗ್ಗ ಸೇರುವ ಯೋಚನೆಯಲ್ಲಿದ್ದಾರೆ. ನಮ್ಮ ತೋಟಕ್ಕೆ ನೀರು ಬರುವುದೇ ಅವರ ಜಾಗದ ಕೆರೆಯಿಂದ. ಓಸಿಐನವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. "ಈಗ ಎನ್‌ಆರ್‌ಐ ಆಗಿಯೂ ನಿಮಗೆ ಕೊಳ್ಳಲು ಬರೋದಿಲ್ವಲ್ಲ" ಅಂತ ಇವಳು ತಕ್ಷಣ ಬಾಯಿ ಮುಚ್ಚಿಸುತ್ತಾಳೆ. ಸರಿ. ಆದರೆ ನೀಲಿ ಪಾಸ್‌ಪೋರ್ಟ್ ಹಿಡಿದು ಊರಿಗೆ ಮರಳಿ ಅಲ್ಲೇ ನೆಲೆಸಿದರೆ ಆ ತಡೆ ಹೋಗುತ್ತದೆ. ಕೆಂಪು ಹಿಡಿದು ನೆಲೆಸಿದರೆ ಹೋಗುವುದಿಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯ್ದೆಯಿಂದ ಕೃಷಿಕರಲ್ಲದವರಿಗೆ ತಡೆಯಾಗಿದ್ದ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ಜೀವಮಾನದಲ್ಲಿ ಗುದ್ದಲಿ ಹಿಡಿಯದ ಬೆಂಗಳೂರಿನವರೂ ನಮ್ಮೂರಲ್ಲಿ ತೋಟ ಕೊಳ್ಳಬಹುದು. ಕೊಳೆರೋಗಕ್ಕೆ ಬೋರ್ಡೊ ಹೊಡೆಯುತ್ತಾ ಬೆಳೆದ ನಾನು ಮಾತ್ರ ನೋಡುತ್ತಾ ನಿಲ್ಲಬೇಕು.

ಬೇಕಾದರೆ ಭಾರತದ ಪೌರತ್ವ ಮತ್ತೆ ಪಡೆಯಬಹುದು, ಅದಕ್ಕೂ ದಾರಿ ಇದೆ ಅನ್ನುತ್ತಾಳೆ. ಇದೆ. ಓಸಿಐ ಆಗಿ ಐದು ವರ್ಷ ಆಗಿರಬೇಕು, ಅರ್ಜಿಗೆ ಮೊದಲು ಒಂದು ವರ್ಷ ಭಾರತದಲ್ಲಿ ವಾಸವಿರಬೇಕು, ಕೆಂಪನ್ನು ಬಿಡಬೇಕು. ಕೈಯಲ್ಲಿರುವುದನ್ನು ಕೊಟ್ಟು, ಆರೇಳು ವರ್ಷ ಬಿಟ್ಟು ಅದನ್ನೇ ಬೇಡುವುದು ಯಾವ ಜಾಣತನ?

ಆರು ತಿಂಗಳ ಭಯಕ್ಕೂ ಕೊನೆ ಇದೆ. ಇಲ್ಲಿ ಕಾನೂನುಬದ್ಧವಾಗಿ 15 ವರ್ಷ ಇದ್ದು, ಜೀವನಕ್ಕೆ ಭದ್ರ ಆದಾಯವಿರುವವರ ಕಾಯಂ ಪರವಾನಗಿ ಹೊರಗೆ ಹೋದರೂ ರದ್ದಾಗುವುದಿಲ್ಲ. ನಮಗೆ 2027ಕ್ಕೆ 15 ತುಂಬುತ್ತದೆ. ಪಿಂಚಣಿಗೂ ಪಾಸ್‌ಪೋರ್ಟಿಗೂ ಸಂಬಂಧವಿಲ್ಲ. ಎರಡು ದೇಶಗಳ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ತೀರ್ಥಹಳ್ಳಿಯಲ್ಲಿ ಕೂತರೂ ದುಡ್ಡು ಬರುತ್ತದೆ. ಇಷ್ಟು ವರ್ಷ ಕಾದವರು ಇನ್ನೊಂದು ಸ್ವಲ್ಪ ಕಾಯಲಾರೆವೇ?

ಎಎಫ್‌ಡಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓಟು ಸಿಗುವುದು ದೊಡ್ಡ ಮಾತು, ಅದು ನಿಜ. ಆದರೆ ಸ್ಟೇಷನ್ನಿನಲ್ಲಿ ಪೊಲೀಸರು ಇಡೀ ಪ್ಲಾಟ್‌ಫಾರ್ಮ್ ಬಿಟ್ಟು ನನ್ನ ಹತ್ತಿರವೇ ಬಂದಾಗ ಅವರು ನೋಡಿದ್ದು ನನ್ನ ಮುಖ. ಪಾಸ್‌ಪೋರ್ಟ್ ಬ್ಯಾಗಿನಲ್ಲಿತ್ತು.

ನನ್ನ ವಾದ ನಿಲ್ಲದ ಜಾಗ ಒಂದಿದೆ, ಮಗಳು. 15 ವರ್ಷದ ನಿಯಮ ನಮ್ಮಿಬ್ಬರಿಗೆ ಸರಿಹೋಗುತ್ತದೆ, ಅವಳಿಗಿಲ್ಲ. ಅವಳಿಗೆ ತೋಟದ ಕೆರೆ ರಜೆಯಲ್ಲಿ ಕಪ್ಪೆ ನೋಡುವ ಜಾಗ. ಕನ್ನಡ ಮಾತಾಡುತ್ತಾಳೆ, ಲೆಕ್ಕ ಮಾತ್ರ ಜರ್ಮನ್‌ನಲ್ಲಿ ಹಾಕುತ್ತಾಳೆ. ಅವಳ ಊರು ಯಾವುದು ಎಂದು ನಾನು ಹೇಳುವುದು ಎಷ್ಟು ಸರಿ?

ಇವಳ ಅರ್ಜಿ ತಯಾರಾಗಿದೆ. ಪರೀಕ್ಷೆಯಲ್ಲಿ 33ಕ್ಕೆ 33 ತೆಗೆದಿದ್ದಾಳೆ. ಆ ಕಾಗದ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಕೆಳಗಿದೆ, ಹಾಲು ತೆಗೆಯಲು ಹೋದಾಗೆಲ್ಲ ಕಾಣಲಿ ಅಂತ. ಮಗಳ ಹೆಸರೂ ಇವಳ ಅರ್ಜಿಯ ಜೊತೆ ಹೋಗುತ್ತದೆ. ಅದಕ್ಕೆ ತಂದೆಯ ಸಹಿ ಬೇಕು. ನಿನ್ನೆ ರಾತ್ರಿ ಹಾಕಿದೆ. ನನ್ನ ಫಾರ್ಮನ್ನೂ ಇವಳೇ ತುಂಬಿಸಿ ಕೆಳಗೆ ಇಟ್ಟಿದ್ದಳು. ಅದನ್ನು ಬೀರುವಿನಲ್ಲಿ ಇಟ್ಟಿದ್ದೇನೆ, ಆ ಹಳೆಯ ಕ್ಯಾಲೆಂಡರ್ ಪಕ್ಕ.