ನಿವೃತ್ತಿಯಿಲ್ಲದ ನೌಕರಿಗೆ 33 ವರ್ಷದ ಸರದಿ

ಫೀಲ್ಡ್ ಮಾರ್ಷಲ್ ಎಂದರೆ ನಮ್ಮ ಭೂಸೇನೆಯಲ್ಲಿ ಜನರಲ್‌ಗೂ ಮೇಲಿನ ಐದು ನಕ್ಷತ್ರದ ಪದವಿ. ಹೆಗಲ ಮೇಲೆ ಅಶೋಕ ಸ್ತಂಭದ ಸಿಂಹಗಳು, ಅದರಡಿ ಕಮಲದ ಮಾಲೆಯೊಳಗೆ ಅಡ್ಡಹಾಯ್ದ ದಂಡ ಮತ್ತು ಕತ್ತಿ. ‘ಮಾರ್ಷಲ್’ ಪದದ ಬುಡ ಅಗೆದರೆ ಸಿಗುವುದು ಮಾತ್ರ ಕುದುರೆ ಲಾಯದ ಆಳು. ಲಾಯದಿಂದ ಹೊರಟವರು ರಾಷ್ಟ್ರಪತಿ ಭವನ ಮುಟ್ಟುವಾಗ ಸ್ವಲ್ಪ ತಡವಾಗುತ್ತದೆ, ಬಿಡಿ.

ಎಷ್ಟು ತಡ? ಲೆಕ್ಕ ಪಕ್ಕಾ ಇದೆ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆ ಬಿಟ್ಟದ್ದು 1953ರಲ್ಲಿ, ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ. ವಾಯುಪಡೆಯ ಅರ್ಜನ್ ಸಿಂಗ್ ನಿವೃತ್ತರಾದದ್ದು 1969ರಲ್ಲಿ, ಅಲ್ಲಿನ ಐದು ನಕ್ಷತ್ರ ಬಂದದ್ದು 2002ರಲ್ಲಿ. ಎರಡೂ ಕಡತಗಳಿಗೆ 33 ವರ್ಷ, ಒಂದು ವರ್ಷ ಹೆಚ್ಚಿಲ್ಲ, ಕಡಿಮೆಯಿಲ್ಲ. ದೆಹಲಿಯ ಕಡತಗಳಿಗೆ ಶಿಸ್ತಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ತಮಾಷೆಯೆಂದರೆ ಈ ಪದವಿಗೆ ನಿವೃತ್ತಿಯೇ ಇಲ್ಲ. ಆಳಲು ಒಂದು ತುಕಡಿಯೂ ಇಲ್ಲ, ಆದರೆ ಉಸಿರಿರುವ ತನಕ ಸೇವೆಯಲ್ಲಿದ್ದಂತೆ. ಹಾಗಾಗಿ ನಿವೃತ್ತರಾಗಿ ಮೂರು ದಶಕ ಕಳೆದ, 80 ದಾಟಿದ ಹಿರಿಯರನ್ನು ಕರೆದು, ‘ಇನ್ನು ನಿಮಗೆ ನಿವೃತ್ತಿಯಿಲ್ಲ’ ಎಂದು ಸನ್ಮಾನಿಸಲಾಯಿತು.

ಮಾಣೆಕ್ ಶಾ ಮಾತ್ರ ಸರದಿ ತಪ್ಪಿಸಿಕೊಂಡರು. 1973ರ ಜನವರಿ 1ಕ್ಕೆ ಪದವಿ, ಜನವರಿ 15ಕ್ಕೆ ದಂಡನಾಯಕನ ಕುರ್ಚಿ ಖಾಲಿ. ಕಡತ ಸೇಡು ತೀರಿಸಿಕೊಂಡದ್ದು ಸಂಬಳದಲ್ಲಿ. ಸೇವೆಯಲ್ಲಿರುವವರಿಗೆ ಸಲ್ಲುವ ಪೂರ್ಣ ಸಂಬಳ ಅವರ ಕೈಸೇರಲೇ ಇಲ್ಲ. ಹೆಗಲಿಗೆ ನಿವೃತ್ತಿಯಿಲ್ಲ, ಜೇಬಿಗೆ ಇದೆ! ಕೊನೆಗೆ 2007ರಲ್ಲಿ, ಅವರಿಗೆ 93 ತುಂಬುವ ಹೊತ್ತಿಗೆ, ಕೋಟಿ ರೂಪಾಯಿಗೂ ಮೀರಿದ ಬಾಕಿಯ ಚೆಕ್ ನೀಲಗಿರಿಯ ವೆಲಿಂಗ್ಟನ್‌ಗೆ ಹತ್ತಿ ಬಂತು. ಕಡಲೆ ಬಂದಾಗ ಹಲ್ಲಿನ ವಿಚಾರ ಕೇಳಬಾರದು. ಮರುವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು.

ಪಕ್ಕದ ಪಾಕಿಸ್ತಾನದಲ್ಲಿ ಇಷ್ಟೆಲ್ಲ ತಾಪತ್ರಯವಿಲ್ಲ. 1959ರಲ್ಲಿ ಅಯೂಬ್ ಖಾನ್ ಫೀಲ್ಡ್ ಮಾರ್ಷಲ್ ಆದಾಗ ದೇಶದ ಅಧ್ಯಕ್ಷರೂ ಅವರೇ. ಅರ್ಜಿದಾರರೂ ಮಂಜೂರು ಮಾಡುವವರೂ ಒಬ್ಬರೇ ಆದರೆ ಕಡತಕ್ಕೆ ಮೇಜು ದಾಟುವ ಕಷ್ಟವಿಲ್ಲ. ನಮ್ಮ ‘ಸಕಾಲ’ಕ್ಕೂ ಈ ಚುರುಕು ಬಂದಿಲ್ಲ.

ನಮ್ಮ ನೌಕಾಪಡೆಯಲ್ಲಿ ಇದಕ್ಕೆ ಸಮನಾದ ‘ಅಡ್ಮಿರಲ್ ಆಫ್ ದಿ ಫ್ಲೀಟ್’ ಪದವಿ ಇಂದಿಗೂ ಯಾರಿಗೂ ಸಿಕ್ಕಿಲ್ಲ. ನಿವೃತ್ತರಾಗಿ 32 ವರ್ಷ ತುಂಬಿದ ಅಡ್ಮಿರಲ್‌ಗಳು ಯಾರಾದರೂ ಇದ್ದರೆ, ಸಮವಸ್ತ್ರಕ್ಕೆ ಈಗಲೇ ಇಸ್ತ್ರಿ ಹಾಕಿಸಿಡಲಿ.