ಐಸ್‌ವೈನ್‌ನಲ್ಲಿ ನಾನು ಹುಡುಕೋದು ಹುಳಿ

ಮೊನ್ನೆ ಮನೆಗೆ ಬಂದ ಗೆಳೆಯನಿಗೆ ಐಸ್‌ವೈನ್, ಅಂದರೆ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ದ್ರಾಕ್ಷಿಯಿಂದ ಮಾಡುವ ಸಿಹಿ ವೈನ್, ಕೊಟ್ಟೆ. ಒಂದು ಗುಟುಕು ಕುಡಿದು, "ಏನೋ ಇದು, ಜಾಮೂನಿನ ಪಾಕ ಇದ್ದ ಹಾಗಿದೆ" ಅಂದ. ತಪ್ಪು ಅವನದಲ್ಲ. ಜೊತೆಗೆ ನಾನು ಇಟ್ಟಿದ್ದೂ ಜಾಮೂನೇ! ಸಿಹಿಯ ಮೇಲೆ ಸಿಹಿ ಬಿದ್ದರೆ ನಾಲಿಗೆಗೆ ಇನ್ನೇನು ಗೊತ್ತಾಗುತ್ತೆ? ಖಾರ ಶೇಂಗಾ ಇಡಬೇಕಿತ್ತು.

ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. ನಯಾಗರಾ ಜಲಪಾತ ನೋಡೋಕೆ ಬರುವ ನಮ್ಮವರು ಪಕ್ಕದಲ್ಲೇ ಇರುವ ದ್ರಾಕ್ಷಿ ತೋಟಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಉಳಿದ ಹಣ್ಣೆಲ್ಲ ಕೊಯ್ದ ಮೇಲೂ ಅಲ್ಲಿ ಕೆಲವು ಸಾಲು ಹಾಗೇ ಇರುತ್ತವೆ. ಹಕ್ಕಿ ತಿನ್ನದಂತೆ ಬಲೆ ಕಟ್ಟಿ ಚಳಿಗೆ ಕಾಯುತ್ತಾರೆ. ಮೈನಸ್ 8 ಡಿಗ್ರಿಗೆ ಇಳಿಯುವವರೆಗೆ ಕೊಯ್ಯುವಂತಿಲ್ಲ, ಅದು ಇಲ್ಲಿನ ನಿಯಮ. ಎಷ್ಟೋ ಸಲ ನಡುರಾತ್ರಿ ಕೊಯ್ಲು. ಗೋಲಿಯಂತೆ ಗಟ್ಟಿಯಾದ ಹಣ್ಣನ್ನು ಕರಗುವ ಮೊದಲೇ ಹಿಂಡುತ್ತಾರೆ. ನೀರು ಐಸ್ ಆಗಿ ಒಳಗೇ ಉಳಿಯುತ್ತದೆ. ಸಕ್ಕರೆ, ಹುಳಿ ಎರಡೂ ತುಂಬಿದ ರಸ ಸ್ವಲ್ಪವೇ ಇಳಿಯುತ್ತದೆ. ಅದಕ್ಕೇ 375 ಎಂಎಲ್‌ನ ಸಣ್ಣ ಬಾಟಲಿ, ಅದಕ್ಕೇ ಆ ರೇಟು.

ವಿಜಯಪುರದ ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಅದರಾಗೇನೈತೋ ತಮ್ಮಾ? ಮಣೂಕ (ಒಣದ್ರಾಕ್ಷಿ) ಮಾಡಾಕ ನಾವೂ ನೀರು ತೆಗೀತೀವಿ. ನಮಗ ಒಣಾ ಹವಾ, ಅವರಿಗೆ ಥಂಡಿ, ಅಷ್ಟ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಆ ಹುಮ್ಮಸ್ಸಿನಲ್ಲಿ ನಾನೂ ಮಾಡಿ ನೋಡಿದೆ. ಅಂಗಡಿಯ 4 ಕೆಜಿ ಬೀಜವಿಲ್ಲದ ದ್ರಾಕ್ಷಿಯನ್ನು ಫ್ರೀಜರ್‌ಗೆ ಹಾಕಿ, ಮರುದಿನ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ. ಕೈ ಮರಗಟ್ಟಿತು. ಮೊದಲು ಬಿದ್ದ ಹನಿಗಳು ಬೆರಳಿಗೆ ಜೇನಿನಂತೆ ಅಂಟಿದವು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆಸೆಬುರುಕ ನಾನು, ಹಿಂಡುತ್ತಲೇ ಹೋದೆ. ಐಸ್ ಕರಗಿ ನೀರೂ ಇಳಿಯಿತು. ಯೀಸ್ಟ್ ಹಾಕಿ ತಿಂಗಳುಗಟ್ಟಲೆ ಕಾದು ಕುಡಿದರೆ ಬರೀ ಸಪ್ಪೆ ಸಿಹಿ. ತಿನ್ನುವ ದ್ರಾಕ್ಷಿಯಲ್ಲಿ ಹುಳಿ ಕಮ್ಮಿ. ಇಲ್ಲಿನವರು ಬಳಸುವ ವಿಡಾಲ್, ರೀಸ್ಲಿಂಗ್ ಹಣ್ಣು ಚಳಿಗಾಲದವರೆಗೂ ಹುಳಿ ಬಿಟ್ಟುಕೊಡುವುದಿಲ್ಲ. ಒಳ್ಳೆಯ ಐಸ್‌ವೈನ್ ಬಾಯಿಗಿಟ್ಟರೆ ಮೊದಲು ಜೇನು, ಏಪ್ರಿಕಾಟ್. ನುಂಗುವಾಗ ಕೆನ್ನೆಯ ಒಳಗೆ ಚುರ್ ಅನ್ನಬೇಕು. ಅದಿಲ್ಲದಿದ್ದರೆ ದುಡ್ಡು ದಂಡ.

ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಹಣ್ಣಿನ ವೈನ್‌ಗೆ ಇಲ್ಲಿ ಐಸ್‌ವೈನ್ ಅನ್ನುವ ಹೆಸರು ಹಾಕುವಂತಿಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಚಳಿ ನಂಬಿ ಕೂತರೆ ಅದು ಕೈಕೊಡುವುದೂ ಉಂಟು. 2019ರ ಬೆಳೆಗೆ ಜರ್ಮನಿಯ 13 ವೈನ್ ಪ್ರದೇಶಗಳಲ್ಲಿ ಒಂದರಲ್ಲೂ ಬೇಕಾದಷ್ಟು ಚಳಿ ಬೀಳಲಿಲ್ಲ. ಆ ವರ್ಷ ಅಲ್ಲಿ ಐಸ್‌ವೈನೇ ಇಲ್ಲ. ಅಷ್ಟು ರಿಸ್ಕ್ ತಗೊಂಡು ಕಾಯುವವರ ಹೆಸರನ್ನು ಸುಮ್ನೆ ಫ್ರೀಜರ್‌ನವರಿಗೆ ಕೊಟ್ಟರೆ ಹೇಗೆ? ಫ್ರೀಜರ್ ವೈನ್ ಮಾಡಲಿ ಬಿಡಿ, ಬಾಟಲಿ ಮೇಲೆ ಹಾಗಂತ ಬರೆಯಲಿ.

ನಾನು ಮಾಡಿದ್ದಕ್ಕೆ ಹೆಂಡತಿ ಲಿಂಬೆಹಣ್ಣು ಹಿಂಡಿ, ಸೋಡಾ ಬೆರೆಸಿದಳು. ಆಮೇಲೆ ಕುಡಿಯುವಂತಾಯಿತು.